ಜೋಡಿ ಫ್ಲಾಟಿನಲ್ಲಿ ವೈಫೈ

ನಮ್ಮ ಮನೆಯಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂದು ನೋಡಿದರೆ ಸಾಕಿತ್ತು, ಅವರು ಏನು ಮಾಡುತ್ತಿದ್ದಾರೆ ಎಂದು ಹೇಳಬಹುದಿತ್ತು. ಫ್ರಿಜ್ಜಿಗೆ ಒರಗಿ ನಿಂತವಳು ಮಗಳು ನಿಧಿ, ಅಂದರೆ ಕಾಲೇಜಿನ ವಿಡಿಯೋ ಪಾಠ ನಡೆದಿದೆ. ಚಪ್ಪಲಿ ಗೂಡಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತವರು ನನ್ನ ಗಂಡ ದಿನೇಶ, ಅಂದರೆ ಎಲ್ಲೋ ಕ್ರಿಕೆಟ್ ಇದೆ. ಬಾಗಿಲ ಚೌಕಟ್ಟಿನಲ್ಲಿ ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟು, ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿ ಹಿಡಿದವಳು ನಾನು, ಅಂದರೆ ಆಫೀಸಿನ ಮೀಟಿಂಗ್. ಅಕಸ್ಮಾತ್ ಬಂದವರು ನಮ್ಮನ್ನೆಲ್ಲ ಹೀಗೆ ಒಂದೇ ಮೂಲೆಯಲ್ಲಿ ಕಂಡು, ಎಂಥ ಒಗ್ಗಟ್ಟಿನ ಕುಟುಂಬ ಎಂದು ಹೊಗಳಿದ್ದೂ ಉಂಟು. ನಾವು ನಕ್ಕು, ರೌಟರಿನ ಕಡೆ ಇನ್ನೂ ಸ್ವಲ್ಪ ಸರಿದು ಕೂತಿದ್ದೇವೆ.

ನಾವಿರುವುದು ಡೊಂಬಿವಲಿ ಪೂರ್ವದಲ್ಲಿ, ಜೋಡಿ ಫ್ಲಾಟಿನಲ್ಲಿ. ಜೋಡಿ ಫ್ಲಾಟ್ ಎಂದರೇನೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮೊದಲು ಒಂದು ಸಣ್ಣ ಮನೆ ಕೊಳ್ಳುತ್ತೀರಿ. ಹಾಲ್, ಒಂದು ಮಲಗುವ ಕೋಣೆ, ಅಡುಗೆಮನೆ. ಮದುವೆಯಾಗುತ್ತದೆ, ಮಗುವಾಗುತ್ತದೆ, ಅಮ್ಮ ಬಂದು ಜೊತೆಗಿರುತ್ತಾರೆ. ಪಕ್ಕದ ಮನೆಯವರು ಬದ್ಲಾಪುರದ ಕಡೆ ದೊಡ್ಡ ಮನೆ ಸಿಕ್ಕಿತೆಂದು ಹೊರಟಾಗ ಅವರ ಮನೆಯನ್ನೂ ಕೊಂಡು, ನಡುವಿನ ಗೋಡೆಯನ್ನು ಒಂದು ಬಾಗಿಲಿನಷ್ಟು ಒಡೆದು, ಎರಡನ್ನೂ ಒಂದು ಮಾಡುತ್ತೀರಿ. ಅಲ್ಲಿಂದ ಮುಂದೆ ನಿಮಗೆ ಎರಡು ಅಡುಗೆಮನೆ, ಎರಡು ಮುಂಬಾಗಿಲು, ಎರಡು ಕರೆಗಂಟೆ. ಕೊರಿಯರಿನವನು ಒಂದನ್ನು ಒತ್ತಿ, ಯಾರೂ ಬರಲಿಲ್ಲವೆಂದು ಇನ್ನೊಂದನ್ನು ಒತ್ತಿ, ಎರಡೂ ಬಾಗಿಲಿನಿಂದ ಒಬ್ಬಳೇ ಹೆಂಗಸು ಇಣುಕುವುದನ್ನು ಕಂಡು ಗಾಬರಿಯಾಗುತ್ತಾನೆ.

ಗೋಡೆಯನ್ನೇನೋ ಒಡೆಯಬಹುದು, ಅದರೊಳಗಿನ ಕಾಂಕ್ರೀಟ್ ಕಂಬವನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮೇಲಿನ ಮನೆಯ ಕುಲಕರ್ಣಿಯವರು ಸಕುಟುಂಬ ನಮ್ಮ ಊಟದ ಮೇಜಿನ ಮೇಲೆ ಬಂದು ಇಳಿಯುತ್ತಾರೆ. ಆ ಕಂಬ, ಅದರ ಆಚೀಚೆಯ ದಪ್ಪ ಗೋಡೆ, ಗೋಡೆಗೆ ಒರಗಿಸಿಟ್ಟ ಅತ್ತೆಯ ಉಕ್ಕಿನ ಕಪಾಟು, ಎಲ್ಲ ಸೇರಿ ನಮ್ಮ ವೈಫೈಯನ್ನು ಮೊದಲ ಮನೆಯಲ್ಲೇ ತಡೆದು ನಿಲ್ಲಿಸಿದ್ದವು. ರೌಟರ್ ಇದ್ದದ್ದು ಮೊದಲ ಮನೆಯ ಮುಂಬಾಗಿಲಿನ ಮೇಲೆ. ಎರಡನೆಯ ಮನೆಯಲ್ಲಿ ಅತ್ತೆಯ ಕೋಣೆ, ದೇವರ ಗೂಡು, ನಮ್ಮ ಬಟ್ಟೆಬರೆ. ಅಲ್ಲಿ ವೈಫೈ ಇಲ್ಲವೇ ಇಲ್ಲ. ಪಕ್ಕದ ಕಟ್ಟಡ ಕೈಚಾಚಿದರೆ ಸಿಗುವಷ್ಟು ಹತ್ತಿರವಿರುವುದರಿಂದ ಮೊಬೈಲಿನ ನೆಟ್ಟೂ ಆ ಕಡೆ ಇಣುಕುವುದಿಲ್ಲ.

ಹೀಗೆ ಇಲ್ಲದ್ದನ್ನು ಇಲ್ಲ ಎನ್ನಲು ಮಾತ್ರ ನಮ್ಮ ಮನೆಯಲ್ಲಿ ಬೇಕಾದಷ್ಟು ಮಾತುಗಳಿವೆ. ನಾನು ಧಾರವಾಡದ ಕಡೆಯವಳು. ನಮ್ಮಲ್ಲಿ 'ಟವರ್ ಇಲ್ಲ' ಅನ್ನುತ್ತಾರೆ, ಬೆಳಿಗ್ಗೆ ಯಾರೋ ಬಂದು ಟವರನ್ನೇ ಕಿತ್ತುಕೊಂಡು ಹೋದ ಹಾಗೆ. ಅತ್ತೆ ಉಡುಪಿಯ ಕಡೆಯವರು. ಅವರದು 'ರೇಂಜ್ ಇಲ್ಲ', ಅದನ್ನು ಹೇಳುವಾಗ ಮುಖದಲ್ಲಿ ಮೀನು ಬಾರದ ದಿನದ ನಿರಾಸೆ. ಡೊಂಬಿವಲಿಯಲ್ಲೇ ಹುಟ್ಟಿದ ನಿಧಿ, ನಾವು ಕನ್ನಡದಲ್ಲಿ ಏನು ಕೇಳಿದರೂ ತಿಳಿದುಕೊಂಡು ಹಿಂದಿಯಲ್ಲಿ ಉತ್ತರ ಕೊಡುವವಳು, 'ನೆಟ್ ಗಯಾ, ಮಮ್ಮಿ' ಅನ್ನುತ್ತಾಳೆ. ನನ್ನ ಗಂಡ ಮಾತ್ರ ಏನೂ ಅನ್ನುವುದಿಲ್ಲ, ಎದ್ದು ಹೋಗಿ ರೌಟರನ್ನು ಆರಿಸಿ ಹಚ್ಚುತ್ತಾರೆ. ಯಂತ್ರಗಳ ವಿಷಯದಲ್ಲಿ ಅವರಿಗೆ ತಿಳಿದ ಚಿಕಿತ್ಸೆ ಅದೊಂದೇ, ಆದರೆ ಅದರಲ್ಲಿ ಅವರ ಕೈಗುಣ ಚೆನ್ನಾಗಿದೆ.

ಇಷ್ಟಾದರೂ ವರ್ಷಗಟ್ಟಲೆ ಹೇಗೋ ನಡೆದುಕೊಂಡು ಹೋಗಿತ್ತು. ಎರಡನೆಯ ಮನೆಗೂ ವೈಫೈ ಬೇಕೇ ಬೇಕು ಎಂದಾದದ್ದು ಅತ್ತೆಗೆ ಅವರ ತಂಗಿ ಮರಳಿ ಸಿಕ್ಕಿದ ಮೇಲೆ.

ಅತ್ತೆಯ ತಂಗಿ ಗಿರಿಜಾ ಚಿಕ್ಕಮ್ಮ ಇರುವುದು ನೆರೂಳಿನಲ್ಲಿ, ಮಗ ಸೊಸೆಯ ಜೊತೆ. ಅಕ್ಕತಂಗಿಯರು ಮದುವೆಯಾಗಿ ಈ ಕಡೆ ಬಂದದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಒಬ್ಬರನ್ನು ಬಿಟ್ಟು ಒಬ್ಬರು ಇದ್ದವರಲ್ಲವಂತೆ. ಇಬ್ಬರ ನಡುವೆ ಮಾತು ನಿಂತದ್ದು ನನ್ನಿಂದ. ಚಿಕ್ಕಮ್ಮ ತಮ್ಮ ಗಂಡನ ಕಡೆಯ ಹುಡುಗಿಯೊಬ್ಬಳನ್ನು ದಿನೇಶನಿಗೆ ನೋಡಿಟ್ಟಿದ್ದರು. ಸುರತ್ಕಲ್ಲಿನವಳು, ಬಣ್ಣ ಇದ್ದವಳು, ಬಂಗುಡೆ ಮೀನಿನ ಸಾರು ಮಾಡಬಲ್ಲವಳು. ಎಲ್ಲ ಮಾತಾಗಿ, ಊರಿಗೆ ಹೋಗಿ ನೋಡಿಬರುವುದೊಂದೇ ಉಳಿದಿತ್ತು. ಅಷ್ಟರಲ್ಲಿ ಮಗರಾಯ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ, ಒಂದೇ ಗಾಡಿಗೆ ಕಾಯುತ್ತ ಕಾಯುತ್ತ, ಘಟ್ಟದ ಮೇಲಿನ ಒಬ್ಬಳನ್ನು ಒಪ್ಪಿಕೊಂಡುಬಿಟ್ಟಿದ್ದರು. ಜೋಳದ ರೊಟ್ಟಿಯವಳು, ತುಳು ಬಾರದವಳು, ಮೀನಿನ ಮುಖ ಕಂಡರೆ ಮುಖ ತಿರುಗಿಸುವವಳು. ಅತ್ತೆ ಮಗನ ಪರ ನಿಂತರು. ಚಿಕ್ಕಮ್ಮ ಮದುವೆಗೆ ಬಂದು, ಊಟ ಮಾಡಿ, ಮಾತು ಬಿಟ್ಟು ಹೋದರು. ಊಟ ಮಾಡಿಯೇ ಹೋದದ್ದು ಎಂಬುದನ್ನು ಅತ್ತೆ ಇಂದಿಗೂ ಒತ್ತಿ ಹೇಳುತ್ತಾರೆ.

ಅಲ್ಲಿಂದ ಮದುವೆ ಮುಂಜಿಗಳಲ್ಲಿ ಎದುರಾದರೆ 'ಊಟ ಆಯಿತಾ', 'ಆಯಿತು', ಅಷ್ಟೇ. ಇಷ್ಟು ವರ್ಷದ ಮೇಲೆ, ಚಿಕ್ಕಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿದೆ ಎಂದು ಗೊತ್ತಾದಾಗ ದಿನೇಶ ವಿಡಿಯೋ ಕರೆ ಮಾಡಿ ಫೋನನ್ನು ಅಮ್ಮನ ಕೈಗೆ ಹಿಡಿಸಿದರು. ಅತ್ತೆ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಎಂತ ಮಾರಾಯ್ತಿ, ಇಷ್ಟು ಸೊರಗಿದ್ದಿ" ಎಂದರು. ಆ ಕಡೆಯಿಂದ ಅಳು, ಈ ಕಡೆಯಿಂದ ಅಳು. ಮರುದಿನದಿಂದ ಪ್ರತಿ ಮಧ್ಯಾಹ್ನ ಅಕ್ಕತಂಗಿಯರ ತುಳು ಮಾತು ಶುರುವಾಯಿತು. ನೋಡಲು ಹೋಗೋಣವೆಂದರೆ ಡೊಂಬಿವಲಿಯಿಂದ ನೆರೂಳಿಗೆ ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ಗಾಡಿ ಬದಲಿಸಬೇಕು. ಇಬ್ಬರದೂ ಸೇರಿಸಿದರೆ ನೆಟ್ಟಗೆ ಮಡಚುವ ಮೊಣಕಾಲು ಒಂದೇ. ಹಾಗಾಗಿ ಇರುವುದೆಲ್ಲ ಆ ಫೋನಿನಲ್ಲೇ.

ಮಳೆಗಾಲ ಶುರುವಾದ ಮೇಲೆ ಒಂದು ಸಂಜೆ ಠಾಣೆಯ ವಿಮಾ ಕಚೇರಿಯಿಂದ ನಾನು ಮನೆಗೆ ಬಂದಾಗ, ಅತ್ತೆ ದೀಪ ಹಚ್ಚಿ ಗೋಡೆ ನೋಡುತ್ತ ಕೂತಿದ್ದರು. ಏನಾಯಿತೆಂದರೆ, "ಅವಳು ಫೋನ್ ಕುಕ್ಕಿದಳು" ಎಂದರು. ದಿನೇಶ ನೆರೂಳಿಗೆ ಫೋನ್ ಮಾಡಿದರೆ, ಚಿಕ್ಕಮ್ಮನೂ ಅದನ್ನೇ ಹೇಳಿದರು: ನಿನ್ನ ಅಮ್ಮ ಫೋನ್ ಕುಕ್ಕಿದಳು. ಇದೇ ಮೊದಲಲ್ಲ, ಮುಖ್ಯ ಮಾತು ಬಂದಾಗಲೆಲ್ಲ ಹೀಗೇ ಮಾಡುತ್ತಾಳೆ, ಈ ಸಲ ಮಾತ್ರ ತಡೆಯಲಿಕ್ಕಾಗುವುದಿಲ್ಲ.

ನಡೆದದ್ದೇನೆಂದು ದಿನೇಶ ನನಗೆ ಹೇಳಲು ಹಿಂದೆಮುಂದೆ ನೋಡಿದರು. ನಾನು ಬಿಡಲಿಲ್ಲ. ಚಿಕ್ಕಮ್ಮ ಕೇಳಿದ್ದರಂತೆ: "ಇಷ್ಟು ವರ್ಷ ಆಯಿತಲ್ಲ ಅಕ್ಕ, ಈಗಾದರೂ ನಿಜ ಹೇಳು. ನಾನು ತೋರಿಸಿದ ಹುಡುಗಿಯನ್ನೇ ತಂದಿದ್ದರೆ ಒಳ್ಳೆಯದಿತ್ತೋ ಇಲ್ಲವೋ?" ಅದಕ್ಕೆ ಅತ್ತೆ "ನಿಜ ಹೇಳಬೇಕೂಂದ್ರೆ ಗಿರಿಜಾ" ಎಂದು, ಬಾಯಿ ಒಂದು ಪಕ್ಕಕ್ಕೆ ಸೊಟ್ಟ ಮಾಡಿ, ಕಣ್ಣು ಅರ್ಧ ಮುಚ್ಚಿ, ಹಾಗೇ ತಂಗಿಯನ್ನು ಹಂಗಿಸುವವರಂತೆ ಬಹಳ ಹೊತ್ತು ನೋಡಿ, ಆಮೇಲೆ ಕಟ್ ಮಾಡಿದರಂತೆ.

ಅದು ಹಂಗಿಸಿದ ಮುಖವಲ್ಲ, ನೆಟ್ ಹೋದಾಗ ಪರದೆಯ ಮೇಲೆ ಎಲ್ಲರ ಮುಖವೂ ಹಾಗೆಯೇ ನಿಲ್ಲುತ್ತದೆ. ಆಫೀಸಿನ ಮೀಟಿಂಗಿನಲ್ಲಿ ನನ್ನ ಮುಖ ಹಾಗೆ ನಿಂತದ್ದರ ಫೋಟೋ ಒಂದು ನಮ್ಮ ವಿಭಾಗದಲ್ಲಿ ಇನ್ನೂ ಓಡಾಡುತ್ತಿದೆ. ಅದನ್ನು ನಾವಿಬ್ಬರೂ ಅತ್ತೆಗೆ ವಿವರಿಸಿದೆವು. ಅವರು ಒಪ್ಪಲಿಲ್ಲ. ಒಪ್ಪಿದರೂ ಒಂದು ತೊಡಕು ಉಳಿಯುತ್ತಿತ್ತು. ಫೋನ್ ಕಡಿದವರೇ ಮೊದಲು ಮರಳಿ ಮಾಡಬೇಕು ಎಂಬುದು ಅಕ್ಕತಂಗಿಯರಿಬ್ಬರ ನಿಯಮ. ಅಕ್ಕನ ಪ್ರಕಾರ ಕಡಿದವಳು ತಂಗಿ, ತಂಗಿಯ ಪ್ರಕಾರ ಅಕ್ಕ. ಇಬ್ಬರೂ ನಿಯಮಕ್ಕೆ ಬದ್ಧರಾಗಿ ಕಾಯುತ್ತ ಕೂತರು.

ಇಲ್ಲಿ ನನ್ನ ಸ್ವಾರ್ಥವನ್ನೂ ಮುಚ್ಚಿಡುವುದಿಲ್ಲ. ನಿಜ ಹೇಳಬೇಕೆಂದರೆ ಏನು? ಈ ಪ್ರಶ್ನೆ ನನ್ನ ತಲೆಯೊಳಗೆ ಕೂತುಬಿಟ್ಟಿತು. ಕುಕ್ಕರಿನ ಸೀಟಿ ಎಣಿಸುವಾಗ, ಗಾಡಿಯಲ್ಲಿ ಒಂಟಿಕಾಲಲ್ಲಿ ನಿಂತಿರುವಾಗ, ಅದೇ ಅರ್ಧ ವಾಕ್ಯ. ಅತ್ತೆ ಉಳಿದರ್ಧವನ್ನು ಹೇಳಿಯೇ ಇರಬೇಕು, ನೆಟ್ ಹೋಗಿದ್ದರಿಂದ ಅದು ಚಿಕ್ಕಮ್ಮನಿಗೆ ಮುಟ್ಟಲಿಲ್ಲ, ಆಫೀಸಿಗೆ ಹೋಗಿದ್ದರಿಂದ ನನಗೂ ಮುಟ್ಟಲಿಲ್ಲ. ಗೋಡೆ ಕೇಳಿಸಿಕೊಂಡಿತ್ತು. ಅತ್ತೆಯನ್ನೇ ಕೇಳೋಣವೆಂದರೆ, ಅಂಥ ಪ್ರಶ್ನೆಯನ್ನು ಅತ್ತೆಗೆ ಕೇಳಿದ ಸೊಸೆ ನಮ್ಮ ಕಟ್ಟಡದಲ್ಲಿ ಯಾರೂ ಇದ್ದಂತಿಲ್ಲ.

ಕರೆ ಏಕೆ ಮುಖ್ಯ ಮಾತಿಗೇ ಕಡಿಯುತ್ತದೆ ಎಂಬುದು ತಿಳಿದದ್ದು ಕಲ್ಯಾಣದ ಭಜನಾ ಮಂಡಳಿಯ ಹೆಂಗಸೊಬ್ಬರು ಫೋನ್ ಮಾಡಿದಾಗ. ನಾನಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅತ್ತೆ ಹಾಲಿನಲ್ಲಿ ಕಾಲು ಚಾಚಿ ಕೂತು, ಕೊತ್ತಂಬರಿ ಸೊಪ್ಪು ದುಬಾರಿಯಾದ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ಆ ಕಡೆಯವರು ಏನೋ ಕೇಳಿದರು. ಅತ್ತೆ ನನ್ನ ಕಡೆ ಒಮ್ಮೆ ನೋಡಿ, ದನಿ ಇಳಿಸಿ, ಮೊಣಕಾಲು ಹಿಡಿದು ಎದ್ದು, ಫೋನನ್ನು ಮುಖದ ಮುಂದೆ ಹಿಡಿದುಕೊಂಡು ಒಡೆದ ಗೋಡೆಯ ಬಾಗಿಲು ದಾಟಿ ತಮ್ಮ ಕೋಣೆಗೆ ನಡೆದರು. ಬಾಗಿಲಿನ ಪರದೆ ಬಿತ್ತು. ಮರುಕ್ಷಣ ಅದರಾಚೆಯಿಂದ, "ಹಲೋ, ಹಲೋ, ಎಂತದಿದು" ಎಂಬ ಅತ್ತೆಯ ದನಿ.

ಕೈಯಲ್ಲಿದ್ದ ಪೆನ್ನನ್ನು ನಾನು ಕೆಳಗಿಟ್ಟೆ. ಕೊತ್ತಂಬರಿಯ ಮಾತಿಗೆ ಅತ್ತೆ ಏಳುವುದಿಲ್ಲ. ಸೊಸೆಯ ಕಿವಿಗೆ ಬೀಳಬಾರದ ಮಾತು ಬಂದಾಗ ಮಾತ್ರ ಎದ್ದು ಎರಡನೆಯ ಮನೆಗೆ ಹೋಗುತ್ತಾರೆ. ಎರಡನೆಯ ಮನೆಯಲ್ಲಿ ನೆಟ್ ಇಲ್ಲ. ಅಂದರೆ ಮುಖ್ಯ ಮಾತುಗಳೆಲ್ಲ ಆ ಬಾಗಿಲಿನಲ್ಲೇ ಕಡಿಯಬೇಕು, ಬೇರೆ ದಾರಿಯೇ ಇಲ್ಲ. ಸೊಸೆ ಆಫೀಸಿಗೆ ಹೋದ ದಿನವೂ ಎದ್ದು ಹೋಗುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಚಿಕ್ಕಮ್ಮ ಕಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರು ಕಾಣದೆ ಹೋದದ್ದು ಆ ಕಂಬವನ್ನು.

ಸರಿ, ನೆಟ್ಟನ್ನು ಗೋಡೆ ದಾಟಿಸಬೇಕು ಎಂದಾಯಿತು. ದಿನೇಶ ವಾಶಿಯ ಹೋಟೆಲೊಂದರಲ್ಲಿ ಲೆಕ್ಕಪತ್ರ ನೋಡುವವರು. ಅಲ್ಲಿಯ ಮ್ಯಾನೇಜರ್ ಹೇಳಿದರೆಂದು ಒಂದು ರಿಪೀಟರ್ ತಂದರು. ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಡಬ್ಬಿ. ರೌಟರ್ ಹೇಳಿದ್ದನ್ನು ಕೇಳಿಸಿಕೊಂಡು ಮುಂದಕ್ಕೆ ಮತ್ತೊಮ್ಮೆ ಕೂಗಿ ಹೇಳುವುದು ಅದರ ಕೆಲಸ. ಅದನ್ನು ಇವರು ಎಲ್ಲಿ ನೆಟ್ ಇಲ್ಲವೋ ಅಲ್ಲೇ, ಅತ್ತೆಯ ಮಂಚದ ಪಕ್ಕ ಸಿಕ್ಕಿಸಿದರು. ಅದಕ್ಕೆ ಏನೂ ಕೇಳಿಸದು, ಹೀಗಾಗಿ ಏನನ್ನೂ ಹೇಳದು. ಕೆಂಪು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತು. ನಡುವಿನ ಬಾಗಿಲಿನ ಬಳಿಗೆ ತಂದ ಮೇಲೆ ಹಸಿರಾಯಿತು, ಆದರೆ ಮಾತಿಗೆ ಮಾತು ಮತ್ತೆ ಹೇಳುವುದರಲ್ಲೇ ಅರ್ಧ ವೇಗ ಖರ್ಚು. ಮೇಲಾಗಿ ರೌಟರಿನ ನೆಟ್ಟಿನ ಹೆಸರೇ ಬೇರೆ, ಇದರ ಹೆಸರೇ ಬೇರೆ. ಅತ್ತೆಯ ಫೋನು ಹಾಲಿನಲ್ಲಿ ಹಿಡಿದ ರೌಟರಿನ ಕೈಯನ್ನು ಗೋಡೆಯಾಚೆ ಹೋದರೂ ಬಿಡುತ್ತಿರಲಿಲ್ಲ. ಎದುರಿಗೇ ಹೊಸ ನೆಟ್ ನಿಂತು ಕರೆಯುತ್ತಿದ್ದರೂ ಹಳೆಯದರ ಕೊನೆಯುಸಿರಿನವರೆಗೆ ನಿಷ್ಠೆಯಿಂದ ಕಾದು, ಆಮೇಲೆ ಕರೆಯನ್ನೇ ಕಡಿದು, ನಿಧಾನವಾಗಿ ಹೊಸದರ ಕಡೆ ತಿರುಗುತ್ತಿತ್ತು.

ಎರಡನೆಯ ಪ್ರಯೋಗ ನನ್ನದು. ಅಟ್ಟದ ಮೇಲೆ ಹಳೆಯ ರೌಟರೊಂದಿತ್ತು. ಅದನ್ನಿಳಿಸಿ, ಒರೆಸಿ, ಹೊಸ ರೌಟರಿಗೆ ತಂತಿಯಿಂದ ಜೋಡಿಸಿ ಪಕ್ಕದ ಮನೆಯಲ್ಲಿಟ್ಟೆ. ಹತ್ತು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ಎರಡೂ ಮನೆಯಲ್ಲಿ ನೆಟ್ ಮಾಯ. ನಿಧಿ ಫ್ರಿಜ್ಜಿನ ಬಳಿಯಿಂದ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ. ಕಾರಣ ಹುಡುಕುತ್ತ ಹೋದಾಗ ನನಗೆ ತಿಳಿದದ್ದು ಇಷ್ಟು. ರೌಟರ್ ಎಂದರೆ ಮದುವೆ ಊಟದಲ್ಲಿ ಪಂಕ್ತಿಗೆ ಎಲೆ ತೋರಿಸುವವರ ಹಾಗೆ. ಬಂದ ಒಂದೊಂದು ಫೋನಿಗೂ ಒಂದೊಂದು ಜಾಗ ತೋರಿಸಿ ಕೂರಿಸಬೇಕು. ಒಬ್ಬರೇ ತೋರಿಸಿದರೆ ಊಟ ಸುಸೂತ್ರ. ಇಬ್ಬರು ನಿಂತು ಒಬ್ಬರಿಗೊಬ್ಬರು ಕೇಳದೆ ತೋರಿಸತೊಡಗಿದರೆ ಒಂದೇ ಎಲೆಯ ಮುಂದೆ ಇಬ್ಬರು ನೆಂಟರು. ನನ್ನ ಎರಡೂ ರೌಟರುಗಳು ಯಜಮಾನಿಕೆ ಮಾಡಲು ಹೊರಟಿದ್ದವು. ಬೇಕಾದದ್ದು ಇನ್ನೊಬ್ಬ ಯಜಮಾನನಲ್ಲ, ಯಜಮಾನ ತೋರಿಸಿದಲ್ಲಿ ಬಡಿಸುವ ಒಬ್ಬ ಬಡಿಸುವವನು. ಅಂಥದ್ದಕ್ಕೆ ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ಎರಡು ಮನೆಗಳನ್ನು ಒಂದು ಮಾಡಿ ಸಂಸಾರ ನಡೆಸುವವಳಿಗೆ ಈ ತತ್ತ್ವವನ್ನು ಯಾರೋ ಅಂತರ್ಜಾಲದಲ್ಲಿ ಬರೆದು ತಿಳಿಸಬೇಕಾಯಿತು.

ಆ ಭಾನುವಾರ ಕೆಲಸಕ್ಕೆ ಕೂತೆವು. ಕೇಬಲ್ಲನ್ನು ರೌಟರಿನಿಂದ ಛಾವಣಿಯ ಅಂಚಿನಲ್ಲಿ ಎಳೆದು, ಒಡೆದ ಗೋಡೆಯ ಬಾಗಿಲಿನ ಮೇಲಿನಿಂದ ದಾಟಿಸಿ ಎರಡನೆಯ ಮನೆಗೆ ತಂದೆವು. ದಿನೇಶ ಸ್ಟೂಲಿನ ಮೇಲೆ ನಿಂತು ಕ್ಲಿಪ್ಪು ಹೊಡೆದರು, ನಾನು ಸ್ಟೂಲು ಹಿಡಿದುಕೊಂಡು ಸಲಹೆ ಕೊಟ್ಟೆ. ಸಲಹೆ ಕೊಡುವುದು ಕ್ಲಿಪ್ಪು ಹೊಡೆಯುವುದಕ್ಕಿಂತ ಕಷ್ಟ, ಏಕೆಂದರೆ ಮೇಲಿರುವವರು ಕೇಳುವುದಿಲ್ಲ. ಆಕ್ಸೆಸ್ ಪಾಯಿಂಟ್ ಬಿಳಿಯ ದುಂಡನೆಯ ಡಬ್ಬಿ. ಅತ್ತೆ ಅದನ್ನು ತಿರುಗಿಸಿ ನೋಡಿ, "ಇದು ಯಾವ ಪಾತ್ರೆಯ ಮುಚ್ಚಳ?" ಎಂದರು. ಅದನ್ನು ಎಲ್ಲಿ ಕೂರಿಸುವುದೆಂದು ಫೋನ್ ಹಿಡಿದು ಕೋಣೆಯೆಲ್ಲ ಸುತ್ತಿದೆವು. ಮಂಚದ ಕಡೆ ಕಪಾಟಿನ ಕಾಟ, ಕಿಟಕಿಯ ಕಡೆ ನೆಟ್ಟೆಲ್ಲ ಪಕ್ಕದ ಕಟ್ಟಡದ ಪಾಲು. ಎಲ್ಲಕ್ಕಿಂತ ಒಳ್ಳೆಯ ಜಾಗ ದೇವರ ಗೂಡಿನ ನೇರ ಮೇಲೆ.

ಅತ್ತೆ ಬೇಡವೆಂದರು. ದೇವರ ತಲೆಯ ಮೇಲೆ ಅಂಥದ್ದೆಲ್ಲ ಕೂರಿಸುವುದುಂಟಾ ಎಂದರು. ಪಕ್ಕಕ್ಕೆ ಒಂದು ಮೊಳ ಸರಿಸುತ್ತೇವೆ ಎಂದೆ. ದೀಪ ಮಿಣುಕುತ್ತದೆ, ಜಪಕ್ಕೆ ಕೂತರೆ ಕಣ್ಣು ಅತ್ತಲೇ ಹೋಗುತ್ತದೆ ಎಂದರು. ಮಿಣುಕುವುದನ್ನು ನಿಲ್ಲಿಸಬಹುದು, ಸುಮ್ಮನೆ ಉರಿಯುವಂತೆ ಮಾಡಬಹುದು ಎಂದೆ. ಅವರು ಸ್ವಲ್ಪ ಯೋಚಿಸಿ, ಉರಿಯುವುದಾದರೆ ತೊಂದರೆ ಇಲ್ಲ, ನಂದಾದೀಪದ ಹಾಗೆ ಆಗುತ್ತದೆ ಎಂದು ಒಪ್ಪಿದರು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟೆ. ಹಾಲಿನ ರೌಟರಿನ ಶಕ್ತಿಯನ್ನು ಒಂದಷ್ಟು ತಗ್ಗಿಸಿದೆ. ಅದು ಜೋರಾಗಿ ಕೂಗುತ್ತಲೇ ಇದ್ದರೆ ಫೋನು ಅದರ ಕೈ ಬಿಡುವುದಿಲ್ಲ. ತಗ್ಗಿದ ದನಿಯಲ್ಲಿದ್ದರೆ ಬಾಗಿಲು ದಾಟುತ್ತಿದ್ದಂತೆ ಹತ್ತಿರದವನ ಕಡೆ ತಾನಾಗಿ ತಿರುಗುತ್ತದೆ.

ಹೀಗೆ ಎರಡೂ ಮನೆಗೆ ನೆಟ್ ಬಂತು. ಆದರೆ ಅದರಲ್ಲಿ ಮಾತಾಡಬೇಕಾದವರು ಮಾತಾಡುತ್ತಿರಲಿಲ್ಲ. ದಿನೇಶ ಮಾಡಿದ ಫೋನನ್ನು ಚಿಕ್ಕಮ್ಮ ಎತ್ತುತ್ತಿದ್ದರು, ಗೋಡೆಯ ಕಥೆ ಶುರುವಾದರೆ ಮಾತ್ರ, "ಗೋಡೆಗೆ ಎಂತ ಗೊತ್ತಾಗ್ತದೆ ಮಗಾ" ಎಂದು ಮಾತು ತಿರುಗಿಸುತ್ತಿದ್ದರು. ಕೊನೆಗೆ ನಾನೇ ಹೋಗುತ್ತೇನೆ ಎಂದೆ. ದಿನೇಶ ನನ್ನನ್ನು ಸಂಶಯದಿಂದ ನೋಡಿದರು. ಹೊರಡುವ ಹೊತ್ತಿಗೆ ಅತ್ತೆ ಅಡುಗೆಮನೆಯ ಕಟ್ಟೆಯ ಮೇಲೆ ಕೆಸುವಿನೆಲೆಯ ಪತ್ರೊಡೆ ತುಂಬಿದ ಸ್ಟೀಲ್ ಡಬ್ಬಿ ಇಟ್ಟಿದ್ದರು. "ಎಲ್ಲಿಗೆ ಕೊಂಡು ಹೋಗ್ತಿಯೋ ಗೊತ್ತಿಲ್ಲ, ಡಬ್ಬಿ ಮಾತ್ರ ವಾಪಸ್ ಬರಬೇಕು" ಎಂದರು.

ನೆರೂಳಿನಲ್ಲಿ ಬಾಗಿಲು ತೆರೆದ ಚಿಕ್ಕಮ್ಮ ಮೊದಲು ನನ್ನನ್ನು, ಆಮೇಲೆ ಡಬ್ಬಿಯನ್ನು ನೋಡಿದರು. ಡಬ್ಬಿಯನ್ನು ನೋಡುವಾಗ ಮುಖ ಸ್ವಲ್ಪ ಸಡಿಲಾಯಿತು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಕಾಲಿನ ಕೆಳಗೆ ದಿಂಬಿಟ್ಟುಕೊಂಡು ದಿವಾನದ ಮೇಲೆ ಕೂತು, ನನ್ನ ಕೆಲಸ, ನಿಧಿಯ ಓದು, ಗಾಡಿಯ ಜನಜಂಗುಳಿ ಎಲ್ಲ ವಿಚಾರಿಸಿದರು. ಬಂದ ಕಾರಣ ಮಾತ್ರ ಕೇಳಲಿಲ್ಲ. ನಾನೇ ಶುರು ಮಾಡಿದೆ. ಅವರ ಟೀಪಾಯಿಯ ಮೇಲಿದ್ದ ಎಣ್ಣೆ ಸೀಸೆಯನ್ನು ಕಂಬ ಮಾಡಿ, ಪತ್ರೊಡೆ ಡಬ್ಬಿಯನ್ನು ಕಪಾಟು ಮಾಡಿ, ಮಾತ್ರೆಯ ಪಟ್ಟಿಯನ್ನು ಗೋಡೆಯಾಗಿ ನಿಲ್ಲಿಸಿ, ಅತ್ತೆ ಎಲ್ಲಿ ಕೂರುತ್ತಾರೆ, ಎಲ್ಲಿ ದಾಟುತ್ತಾರೆ, ಎಲ್ಲಿ ಕರೆ ಕಡಿಯುತ್ತದೆ ಎಂದು ಒಂದು ಬಟ್ಟೆಯ ಕ್ಲಿಪ್ಪನ್ನು ನಡೆಸುತ್ತ ತೋರಿಸಿದೆ. ಮಾತ್ರೆಯ ಪಟ್ಟಿ ಆಗಾಗ ಬಿದ್ದುಹೋಗುತ್ತಿತ್ತು. ಚಿಕ್ಕಮ್ಮ ಅದನ್ನು ಎತ್ತಿ ನಿಲ್ಲಿಸಿಕೊಡುತ್ತಿದ್ದರು.

ಎಲ್ಲ ಕೇಳಿದ ಮೇಲೆ ಅಂದರು: "ಅದೆಲ್ಲ ಸರಿ. ಅವಳು ಗೋಡೆ ಯಾಕೆ ದಾಟಬೇಕು? ಕೂ‌ತಲ್ಲೇ ಮಾತಾಡಬಹುದಲ್ಲ."

ಒಂದೆರಡು ಸುಳ್ಳುಗಳು ಬಾಯಿಯವರೆಗೆ ಬಂದವು, ಒಂದೂ ನಿಲ್ಲುವಂಥದ್ದಾಗಿರಲಿಲ್ಲ. "ನನ್ನ ಮಾತು ಬಂದಾಗ ಎದ್ದು ಹೋಗ್ತಾರೆ ಚಿಕ್ಕಮ್ಮ. ನನಗೆ ಕೇಳಿಸಬಾರದು ಅಂತ" ಎಂದೆ.

"ಕೇಳಿಸಿದರೆ ಎಂತ? ನಾವು ಮಾತಾಡುವುದು ತುಳುವಿನಲ್ಲಿ."

"ನನಗೆ ತುಳು ತಿಳೀತದ, ಚಿಕ್ಕಮ್ಮ."

ಅವರು ಕ್ಲಿಪ್ಪನ್ನು ಕೈಯಲ್ಲಿ ಹಿಡಿದವರು ಹಾಗೇ ಉಳಿದರು. "ಯಾವಾಗಿನಿಂದ?"

"ನಿಧಿ ಹುಟ್ಟೋ ಮೊದಲಿಂದ್ಲೂ. ಮಾತಾಡಲಿಕ್ಕೆ ಬರೂದಿಲ್ಲ. ತಿಳೀತದ."

ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿದರು. ಅವರ ತುಟಿಗಳು ಸಣ್ಣಗೆ ಅಲ್ಲಾಡುತ್ತಿದ್ದವು. ಯಾವ ಮದುವೆಯಲ್ಲಿ, ಯಾವ ಸೀಮಂತದಲ್ಲಿ, ನನ್ನ ಎದುರಿಗೇ ನಿಂತು ಯಾರ ಬಳಿ ಏನೇನು ಅಂದಿದ್ದರು ಎಂದು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ನೆನಪು ಮಾಡಿಕೊಳ್ಳಲು ಸಾಕಷ್ಟು ಇತ್ತು, ನನಗೆ ಗೊತ್ತು. ಕೊನೆಗೆ ಒಂದೇ ಮಾತು ಕೇಳಿದರು: "ರೊಟ್ಟಿಯ ವಿಷಯ ಹೇಳಿದ್ದೂ ಗೊತ್ತಾ?"

"ಚಪ್ಪಲಿ ಹೊಲಿಸಬಹುದು ಅಂದದ್ದಾ? ಗೊತ್ತು."

ಅವರಿಗೆ ನಗು ಬಂತು. ಬಾಯಿಗೆ ಸೆರಗು ಹಿಡಿದರೂ ನಿಲ್ಲಲಿಲ್ಲ. ನನಗೂ ಬಂತು. ಆ ರೊಟ್ಟಿಯನ್ನು ಮಾಡಿದವಳು ನಾನೇ, ಅವರು ಹೇಳಿದ್ದರಲ್ಲಿ ಅತಿಶಯೋಕ್ತಿ ಹೆಚ್ಚೇನೂ ಇರಲಿಲ್ಲ.

ನಕ್ಕು ಮುಗಿದ ಮೇಲೆ ನಾನು ನನ್ನ ಫೋನಿನಿಂದ ಅತ್ತೆಗೆ ವಿಡಿಯೋ ಕರೆ ಮಾಡಿದೆ. ಹೀಗೆ ಅಕ್ಕತಂಗಿಯರಲ್ಲಿ ಯಾರೂ ಮೊದಲು ಮಾಡದೆ, ನಿಯಮವೂ ಮುರಿಯದೆ, ಕರೆ ಆಯಿತು. "ಅತ್ತೆ, ಹಾಲಿನಿಂದ ನಿಮ್ಮ ಕೋಣೆಗೆ ನಡೀರಿ" ಎಂದೆ. ಯಾಕೆಂದು ಕೇಳದೆ ಅವರು ನಡೆದರು. ಪರದೆಯ ಮೇಲೆ ಮೊದಲು ಅವರ ಗದ್ದ, ಆಮೇಲೆ ಟ್ಯೂಬ್‌ಲೈಟು, ಆಮೇಲೆ ಬಾಗಿಲಿನ ಪರದೆ ಕಂಡಿತು. ಚಿಕ್ಕಮ್ಮ ಫೋನಿನ ಕಡೆ ಬಾಗಿ ನೋಡುತ್ತಿದ್ದರು. ಬಾಗಿಲಿನಲ್ಲಿ ಚಿತ್ರ ರೆಪ್ಪೆ ಬಡಿದಷ್ಟು ಹೊತ್ತು ತಡವರಿಸಿತು. ಮತ್ತೆ ನಡೆಯಿತು. ಉಕ್ಕಿನ ಕಪಾಟು ಬಂತು, ದೇವರ ಗೂಡು ಬಂತು, ಮಂಚದ ಮೇಲೆ ಕೂತ ಅತ್ತೆಯ ಮುಖ ಬಂತು.

ಚಿಕ್ಕಮ್ಮ ತುಳುವಿನಲ್ಲಿ, "ಕಪಾಟಿಗೆ ಬಣ್ಣ ಹೊಡೆಸಿದ್ದಿಯಾ ಅಕ್ಕ?" ಎಂದರು. ಅತ್ತೆ, "ಹೂಂ. ಪತ್ರೊಡೆಗೆ ಖಾರ ಸರಿ ಉಂಟಾ?" ಎಂದರು. ನಾನು ಎದ್ದು ಚಿಕ್ಕಮ್ಮನ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟೆ. ನಾನು ಚಹಾ ಕುಡಿದು, ಡಬ್ಬಿ ತೊಳೆದು, ಹೊರಡಬೇಕೆಂದು ಕೂತು ಬಹಳ ಹೊತ್ತಾದರೂ ನನ್ನ ಫೋನು ನನಗೆ ಸಿಗಲಿಲ್ಲ.

ಅಂದಿನಿಂದ ಮಧ್ಯಾಹ್ನದ ಮಾತು ಮತ್ತೆ ನಡೆದಿದೆ. ಈಗ ಅತ್ತೆ ಶುರುವಿನಿಂದಲೇ ತಮ್ಮ ಕೋಣೆಯಲ್ಲಿ ಕೂತು, ಪರದೆ ಎಳೆದುಕೊಂಡು ಮಾತಾಡುತ್ತಾರೆ. ಒಂದು ಮಧ್ಯಾಹ್ನ ಅವರಿಗೆ ಚಹಾ ತೆಗೆದುಕೊಂಡು ಹೋದವಳು ಪರದೆಯ ಈಚೆ ನಿಂತೆ. ಚಿಕ್ಕಮ್ಮ ಪುನಃ ಅದನ್ನೇ ಕೇಳುತ್ತಿದ್ದರು. "ಈಗ ರೇಂಜ್ ಉಂಟಲ್ಲ ಅಕ್ಕ, ಹೇಳು. ಆ ಹುಡುಗಿಯನ್ನು ತಂದಿದ್ದರೆ?"

"ನಿಜ ಹೇಳಬೇಕೂಂದ್ರೆ ಗಿರಿಜಾ" ಎಂದರು ಅತ್ತೆ.

ಲೋಟ ಬಿಸಿಯಾಗಿ ಬೆರಳು ಸುಡುತ್ತಿತ್ತು, ನಾನು ಅಲ್ಲಾಡಲಿಲ್ಲ. ಒಳಗೆ ಮೌನ. ಮೌನ ಬೆಳೆಯಿತು. ಫೋನಿನಿಂದ, "ಅಕ್ಕ? ಹಲೋ? ಪುನಃ ಹೋಯಿತಾ?" ಎಂದು ಕೇಳಿಸಿತು. ಇಷ್ಟೆಲ್ಲ ತಂತಿ ಎಳೆದು ಮತ್ತೆ ಇದೇ ಗತಿಯೇ ಎಂದುಕೊಂಡು ಪರದೆ ಸರಿಸಿದೆ. ಆಕ್ಸೆಸ್ ಪಾಯಿಂಟಿನ ಹಸಿರು ದೀಪ ನಿಶ್ಚಲವಾಗಿ ಉರಿಯುತ್ತಿತ್ತು. ಅದರ ಕೆಳಗೆ ಅತ್ತೆಯೂ ನಿಶ್ಚಲ. ಬಾಯಿ ಅರ್ಧ ತೆರೆದಿದೆ, ಒಂದು ಕೈ ಗಾಳಿಯಲ್ಲಿದೆ, ಕಣ್ಣು ಮಿಟುಕುತ್ತಿಲ್ಲ. ಏನಾದರೂ ಆಗಿಹೋಯಿತೇ ಎಂದು ಒಂದು ಹೆಜ್ಜೆ ಒಳಗಿಟ್ಟೆ. ಆಗ ಅವರ ಕಣ್ಣುಗುಡ್ಡೆಗಳು ಮಾತ್ರ ಮೆಲ್ಲನೆ ಸರಿದವು. ನನ್ನನ್ನು ನೋಡಿ, ಚಹಾ ನೋಡಿ, ಪಕ್ಕದ ಮೇಜನ್ನು ನೋಡಿದವು. ಅಲ್ಲಿಡು ಎಂದು ಅರ್ಥ. ಇಟ್ಟೆ. ಕಣ್ಣುಗುಡ್ಡೆಗಳು ಮತ್ತೆ ಫೋನಿಗೆ ಹೋಗಿ ನಿಂತವು. ಇನ್ನೂ ಸ್ವಲ್ಪ ಹೊತ್ತು ಹಾಗೇ ಇದ್ದು, "ಹಾಂ, ಈಗ ಬಂತು ನೋಡು. ಎಂತ ರೇಂಜೋ ಇದು. ನೀನು ಬದನೆಕಾಯಿ ಹುಳಿಗೆ ಎಂತ ಹಾಕುವುದು ಹೇಳಿದಿ?" ಎಂದು ಅತ್ತೆ ಮರಳಿ ಜೀವ ಪಡೆದರು.

ಆ ಉತ್ತರ ನನ್ನ ಪರವಾಗಿದ್ದರೆ ತಂಗಿಗೆ ನೋವು. ತಂಗಿಯ ಪರವಾಗಿದ್ದರೆ, ಪರದೆಯ ಈಚೆ ಬಿಸಿ ಲೋಟ ಹಿಡಿದು ನಿಂತವಳಿಗೆ ನೋವು. ಉತ್ತರ ಯಾವುದೆಂದು ನನಗೆ ಈಗಲೂ ಗೊತ್ತಿಲ್ಲ. ಆದರೆ ನನ್ನ ತಲೆಯಲ್ಲಿ ಕೂತಿದ್ದ ಆ ಅರ್ಧ ವಾಕ್ಯ ಅಂದೇ ಎದ್ದು ಹೋಯಿತು. ಕಂಬ ಮಾಡುತ್ತಿದ್ದ ಕೆಲಸವನ್ನು ಅತ್ತೆ ಈಗ ತಾವೇ, ತಿಳಿದು, ಅದಕ್ಕಿಂತ ನಾಜೂಕಾಗಿ ಮಾಡುತ್ತಿದ್ದಾರೆ.

ಮೊನ್ನೆ ನಾನೂ ಅತ್ತೆಯೂ ಮಂಚದ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದೆವು. ಫೋನು ದಿಂಬಿಗೆ ಒರಗಿತ್ತು, ಅದರೊಳಗೆ ಚಿಕ್ಕಮ್ಮ. ಅತ್ತೆ ಮಾತಿನ ನಡುವೆ, "ನಿನ್ನ ಸೊಸೆ ಹೇಗೆ ನೋಡಿಕೊಳ್ಳುತ್ತಾಳೆ, ನಿಜ ಹೇಳು" ಎಂದು ಕೇಳಿದರು. ಆ ಕಡೆ ಯಾರೋ ಹಿಂದಿನಿಂದ ದಾಟಿಹೋದ ನೆರಳು ಕಂಡಿತು. ಚಿಕ್ಕಮ್ಮನ ಮುಖ ಅಲ್ಲೇ ನಿಂತಿತು. ತುಟಿ ಸ್ವಲ್ಪ ತೆರೆದು, ಹುಬ್ಬು ಏರಿಸಿ, ಒಳ್ಳೆಯ ಫೋಟೋದ ಹಾಗೆ. ಅವರ ತಲೆಯ ಮೇಲೆ ಫ್ಯಾನು ಮಾತ್ರ ತಿರುಗುತ್ತಿತ್ತು. ಗೋಡೆಯ ಕ್ಯಾಲೆಂಡರಿನ ಹಾಳೆ ಹಾರಾಡುತ್ತಿತ್ತು.

ಅದನ್ನು ತೋರಿಸಲು ನಾನು ಬೆರಳೆತ್ತಿದೆ. ಅತ್ತೆ ಆ ಬೆರಳನ್ನು ಹಿಡಿದು ಮೆಲ್ಲನೆ ಕೆಳಗಿಳಿಸಿದರು.

"ಪಾಪ, ಅವಳಿಗೂ ರೇಂಜ್ ಹೋಯಿತು. ಬರಲಿ, ಕಾಯುವ" ಎಂದರು.

ನಾವಿಬ್ಬರೂ ಬೀನ್ಸ್ ಮುರಿಯುತ್ತ ಕಾದೆವು.